ಮಣ್ಣೂ ದೇವರ ಉಸಿರೂ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಸೀಮೆಗಳಿಂದ ಬರುವ ನಮ್ಮ ಬಾಲಿಕೆಯರಲ್ಲಿ ಕ್ರೈಸ್ತರೂ ಮುಸಲ್ಮಾನರೂ ಒಂದೇ ಬೆಂಚಿನಲ್ಲಿ ಕುಳಿತು ಓದುತ್ತಾರೆ. ಸೃಷ್ಟಿಯ ವಿಷಯದಲ್ಲಿ ಇವರ ಮನೆಗಳ ಮಾತು ಬಹುಮಟ್ಟಿಗೆ ಒಂದೇ. ದೇವರು ಮಣ್ಣಿನಿಂದ ಆದಾಮನನ್ನು ರೂಪಿಸಿ ಜೀವಶ್ವಾಸವನ್ನು ಊದಿದನೆಂದು ಆದಿಕಾಂಡವು ಹೇಳುವುದು. ಜೇಡಿಮಣ್ಣಿನಿಂದ ಮಾಡಿ ತನ್ನ ಆತ್ಮವನ್ನು ಊದಿದನೆಂದು ಖುರಾನೂ ಹೇಳುವುದು. ಭೇದವಿಲ್ಲದಿಲ್ಲ. ಮನುಷ್ಯನು ದೇವರ ಸ್ವರೂಪದಲ್ಲಿ ಉಂಟಾದನೆಂದು ನಾವು ನಂಬುವೆವು. ದೇವರನ್ನು ಹೋಲುವುದು ಯಾವುದೂ ಇಲ್ಲವೆನ್ನುವ ಮುಸಲ್ಮಾನರು ಮನುಷ್ಯನನ್ನು ಭೂಮಿಯ ಮೇಲೆ ದೇವರ ಪ್ರತಿನಿಧಿಯೆನ್ನುವರು. ಈ ಭೇದವನ್ನು ಮುಚ್ಚಿಡುವುದು ನಮಗೆ ಸರಿಕಾಣದು.

ಆದರೆ ಹೆಣ್ಣುಮಕ್ಕಳ ಶಾಲೆಯವರಾದ ನಮ್ಮನ್ನು ತಟ್ಟುವುದು ಬೇರೊಂದು. ಹಿಂದೆ ಅರಬ್ಬೀ ದೇಶದಲ್ಲಿ ಹೆಣ್ಣುಕೂಸನ್ನು ಜೀವಸಹಿತ ಹೂಳುವುದುಂಟು. ಯಾವ ಪಾಪಕ್ಕಾಗಿ ಕೊಂದರೆಂದು ಅಂತ್ಯದಿನದಲ್ಲಿ ಆ ಕೂಸನ್ನೇ ವಿಚಾರಿಸಲಾಗುವುದೆಂದು ಖುರಾನಿನ 81ನೆಯ ಅಧ್ಯಾಯವು ಎಚ್ಚರಿಸುತ್ತದೆ. ಆದಿಕಾಂಡವಾದರೋ ಗಂಡನ್ನೂ ಹೆಣ್ಣನ್ನೂ ದೇವರ ಸ್ವರೂಪದಲ್ಲಿಯೇ ಇರಿಸಿದೆ.

ಇದನ್ನು ಪೋಷಕರು ಹಳೆಯ ಕಥೆಯೆಂದು ಭಾವಿಸಬಾರದು. ಗರ್ಭಸ್ಥ ಶಿಶುವಿನ ಲಿಂಗವನ್ನು ತಿಳಿಸುವುದು 1994ರ ಕಾಯಿದೆಯಿಂದ ನಿಷಿದ್ಧ. ಆದರೂ ನೆರೆಯ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಹೆಣ್ಣು ಭ್ರೂಣಗಳನ್ನು ಗುರುತಿಸುತ್ತಿದ್ದರೆಂಬ ಆರೋಪದ ಮೇಲೆ 2023ರಲ್ಲಿ ಪೊಲೀಸರು ಒಂದು ಜಾಲವನ್ನು ಹಿಡಿದರು. ಬೆಲ್ಲ ಬೇಯತಕ್ಕ ಮನೆ! ಅಲ್ಲಿಗೆ ಹೋದವರ ಮತ ಯಾವುದೆಂದು ನಾವು ಕೇಳುವುದಿಲ್ಲ. "ಅಯ್ಯೋ, ಇದೂ ಹೆಣ್ಣೇ" ಎಂಬ ಮಾತು ಮಸೀದಿಯ ಬೀದಿಯಲ್ಲಿಯೂ ದೇವಾಲಯದ ಬೀದಿಯಲ್ಲಿಯೂ ಕೇಳಿಬರುತ್ತದೆ. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ಮನೆಯಲ್ಲಿ ಅಂಥ ಮಾತು ಬಂದಾಗ ನೀವು ಸುಮ್ಮನಿರಬಾರದು. ಆಡಿದವರು ಅತ್ತೆಯವರೇ ಆಗಿದ್ದರೂ ಸರಿಯೇ.