ಬ್ರಾಡ್‌ಬ್ಯಾಂಡಿನ ಮಿತಿ, ಹೆಚ್ಚುವರಿ ಶುಲ್ಕ: ನ್ಯಾಯವೆಷ್ಟು?

ಕಾಫಿ, ಅಡಿಕೆ, ಮೆಣಸಿನ ವಿಷಯಗಳಿಗೆ ಮೀಸಲಾದ ಈ ಪುಟಗಳಲ್ಲಿ ಬ್ರಾಡ್‌ಬ್ಯಾಂಡಿನ ಮಾತೇಕೆ ಎಂದು ಕೆಲವು ಸದಸ್ಯ ಬಾಂಧವರು ಕೇಳಬಹುದು. ಗೊಬ್ಬರ, ಡೀಸೆಲ್, ಕೂಲಿಗಳಂತೆ ಇಂಟರ್ನೆಟ್ಟೂ ಇಂದು ತೋಟದ ಖರ್ಚಿನ ಪಟ್ಟಿಗೆ ಸೇರಿದೆ. ನ್ಯೂಯಾರ್ಕಿನ ಅರೇಬಿಕಾ ಧಾರಣೆ, ಲಂಡನ್ನಿನ ರೋಬಸ್ಟಾ ಧಾರಣೆ, ಅಡಿಕೆ ಮಾರುಕಟ್ಟೆಯ ದಿನದ ವರದಿ, ಮಳೆಯ ಮುನ್ಸೂಚನೆ, ಬ್ಯಾಂಕಿನ ವ್ಯವಹಾರ, ಮಕ್ಕಳ ಪಾಠ ಎಲ್ಲವೂ ಅದರ ಮೂಲಕವೇ ನಡೆಯುತ್ತಿವೆ. ಆದ್ದರಿಂದ ಅದರ ದರ ನ್ಯಾಯವಾದುದೇ ಎಂದು ವಿಚಾರಿಸುವುದು ಸಹಕಾರ ಸಂಘದ ಕೆಲಸವೇ ಸರಿ ಎಂದು ನಾವು ಭಾವಿಸುತ್ತೇವೆ.

ಡೇಟಾ ಬಳಕೆಗೆ ಮಿತಿ ಹಾಕುವ, ಮಿತಿ ಮೀರಿದರೆ ಹೆಚ್ಚು ಹಣ ಕೇಳುವ ಕಂಪನಿಗಳ ವಾದ ಸರಳವಾದುದು: ಹೆಚ್ಚು ಬಳಸಿದವನು ಹೆಚ್ಚು ತೆರಲಿ, ಹಾಸಿಗೆ ಇದ್ದಷ್ಟು ಕಾಲು ಚಾಚಲಿ. ವಿದ್ಯುತ್ತಿಗೆ ಯೂನಿಟ್ ಲೆಕ್ಕದಲ್ಲಿ ಹಣ ಕಟ್ಟುವ ನಮಗೆ ಇದು ಮೇಲ್ನೋಟಕ್ಕೆ ಒಪ್ಪತಕ್ಕ ಮಾತೇ. ಆದರೆ ಈ ಹೋಲಿಕೆ ಹೆಚ್ಚು ದೂರ ಬರುವುದಿಲ್ಲ. ಒಂದು ಯೂನಿಟ್ ವಿದ್ಯುತ್ ಬಳಸಿದರೆ ಎಲ್ಲೋ ಕಲ್ಲಿದ್ದಲು ಉರಿದಿರುತ್ತದೆ, ಇಲ್ಲವೇ ಲಿಂಗನಮಕ್ಕಿಯಲ್ಲಿ ಅದಕ್ಕೆ ತಕ್ಕಷ್ಟು ನೀರು ಇಳಿದಿರುತ್ತದೆ. ಒಂದು ಜಿಬಿ ಡೇಟಾ ನಮ್ಮ ಮನೆಗೆ ಬಂದರೆ ಯಾವ ಕಣಜವೂ ಬರಿದಾಗುವುದಿಲ್ಲ. ಕಂಪನಿಯ ದೊಡ್ಡ ಖರ್ಚು ಕೇಬಲ್, ಟವರ್, ಯಂತ್ರ, ಸಿಬ್ಬಂದಿಗಳದ್ದು. ಸಂಜೆ ಎಲ್ಲರೂ ಒಮ್ಮೆಗೇ ಬಳಸುವ ಹೊತ್ತಿಗೆ ಜಾಲ ಎಷ್ಟು ಹೊರಬೇಕಾಗುತ್ತದೋ ಆ ಪ್ರಮಾಣಕ್ಕೆ ತಕ್ಕಂತೆ ಅದನ್ನೆಲ್ಲ ಕಟ್ಟಿರುತ್ತಾರೆ.

ಇದು ನಮ್ಮ ಹಳ್ಳದ ನೀರಿನ ನ್ಯಾಯದಂತೆಯೇ. ಜುಲೈ ತಿಂಗಳಲ್ಲಿ ಹಳ್ಳ ತುಂಬಿ ಹರಿಯುವಾಗ ಯಾರು ಎಷ್ಟು ನೀರು ಎತ್ತಿದರೆಂದು ಯಾರೂ ಕೇಳುವುದಿಲ್ಲ. ಫೆಬ್ರವರಿ, ಮಾರ್ಚಿಯಲ್ಲಿ ರೋಬಸ್ಟಾ ಹೂವಿಗೆ ಸ್ಪ್ರಿಂಕ್ಲರ್ ಹಾಕುವಾಗ ಮೇಲಿನ ತೋಟದವರೂ ಕೆಳಗಿನ ತೋಟದವರೂ ಒಂದೇ ದಿನ ಪಂಪ್ ಹಚ್ಚಿದರೆ ತಕರಾರು ಹುಟ್ಟುತ್ತದೆ. ಆಗ ಸರದಿ ಮಾಡಿಕೊಳ್ಳುತ್ತೇವೆ. ಮಳೆಗಾಲದಲ್ಲಿ ಎತ್ತಿದ ನೀರನ್ನು ಲೆಕ್ಕವಿಟ್ಟು ದಂಡ ಹಾಕುವುದಿಲ್ಲ.

ಕಂಪನಿಗಳ ನಡುವಿನ ಸಗಟು ವ್ಯಾಪಾರವೂ ಇದೇ ನ್ಯಾಯದಲ್ಲಿ ನಡೆಯುತ್ತದೆ. ಸಣ್ಣ ಕಂಪನಿ ದೊಡ್ಡ ಕಂಪನಿಯಿಂದ ಸಂಪರ್ಕ ಕೊಳ್ಳುವಾಗ ಸಾಮಾನ್ಯವಾಗಿ ಐದೈದು ನಿಮಿಷಕ್ಕೊಮ್ಮೆ ಹರಿವಿನ ವೇಗವನ್ನು ಅಳೆಯುತ್ತಾರೆ. ತಿಂಗಳ ಅಳತೆಗಳಲ್ಲಿ ಅತಿ ಹೆಚ್ಚಿನ ಶೇಕಡಾ 5ರಷ್ಟನ್ನು ಬಿಟ್ಟು, ಉಳಿದವುಗಳಲ್ಲಿ ದೊಡ್ಡದಕ್ಕೆ ಬಿಲ್ಲು ಮಾಡುತ್ತಾರೆ. ಅಂದರೆ ದಟ್ಟಣೆಯ ಹೊತ್ತಿನ ವೇಗಕ್ಕೆ ಬೆಲೆ, ಒಟ್ಟು ಎಷ್ಟು ಜಿಬಿ ಹರಿಯಿತೆಂಬುದಕ್ಕಲ್ಲ. ವೇಗದ ಲೆಕ್ಕದಲ್ಲಿ ಕೊಂಡ ಸರಕನ್ನು ನಮಗೆ ಮಾತ್ರ ತೂಕದ ಲೆಕ್ಕದಲ್ಲಿ ಮಾರುವುದು ಯಾವ ತಕ್ಕಡಿಯ ನ್ಯಾಯ?

ಕಂಪನಿಗಳಿಗೆ ಇದು ತಿಳಿಯದ ವಿಷಯವೇನಲ್ಲ. 2005ರಲ್ಲಿ ಬಿಎಸ್‌ಎನ್‌ಎಲ್ ಡೇಟಾಒನ್ ಹೆಸರಿನಲ್ಲಿ ಬ್ರಾಡ್‌ಬ್ಯಾಂಡ್ ಆರಂಭಿಸಿದಾಗ ವೇಗ 256 ಕೆಬಿಪಿಎಸ್. ಆ ಕಾಲದ ಯೋಜನೆಗಳಲ್ಲಿ ಮಿತಿ ಮೀರಿದ ಪ್ರತಿ ಎಂಬಿಗೂ ಶುಲ್ಕವಿತ್ತು. ತಿಂಗಳಿಗೆ 1 ಜಿಬಿ ಮಿತಿಯಾದರೆ, ಅಷ್ಟು ಕಡಿಮೆ ವೇಗದಲ್ಲಿಯೂ ಅದು ಒಂಬತ್ತು ಗಂಟೆಯೊಳಗೆ ಮುಗಿಯತಕ್ಕದ್ದು. ಅದೇ ದಿನಗಳಲ್ಲಿ ಕೆಲವು ಯೋಜನೆಗಳಿಗೆ ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಮಿತಿಯೇ ಇರಲಿಲ್ಲ. ಜಾಲ ಖಾಲಿ ಇರುವ ಹೊತ್ತಿನ ಬಳಕೆಯಿಂದ ನಷ್ಟವಿಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಹೊರದೇಶಗಳ ಅನುಭವವೂ ಇದನ್ನೇ ಹೇಳುತ್ತದೆ. 2011ರ ಜನವರಿಯಲ್ಲಿ ಕೆನಡಾದ ದೂರಸಂಪರ್ಕ ಆಯೋಗವು, ಸಗಟಾಗಿ ಕೊಳ್ಳುವ ಸಣ್ಣ ಕಂಪನಿಗಳಿಗೆ ಅವುಗಳ ಗ್ರಾಹಕರು ಬಳಸಿದ ಜಿಬಿ ಲೆಕ್ಕದಲ್ಲಿ ಬಿಲ್ಲು ಮಾಡಲು ದೊಡ್ಡ ಕಂಪನಿಗಳಿಗೆ ಅನುಮತಿ ಕೊಟ್ಟಿತು. ಜನ ಪ್ರತಿಭಟಿಸಿದರು, ಸರ್ಕಾರ ಮಧ್ಯೆ ಬಂತು. ಅದೇ ವರ್ಷದ ನವೆಂಬರಿನಲ್ಲಿ ಆಯೋಗ ಆ ಕ್ರಮವನ್ನು ಕೈಬಿಟ್ಟು, ಜಾಲದ ಸಾಮರ್ಥ್ಯಕ್ಕೆ ತಕ್ಕ ದರ ಅಥವಾ ಒಂದೇ ನಿಗದಿತ ದರ ಎಂಬ ವ್ಯವಸ್ಥೆಗೆ ಬಂತು. ಅಮೆರಿಕದಲ್ಲಿ ಕಾಮ್‌ಕಾಸ್ಟ್ ಕಂಪನಿ ಮಿತಿ ಮೀರಿದ ಪ್ರತಿ 50 ಜಿಬಿಗೆ 10 ಡಾಲರ್ ವಸೂಲು ಮಾಡುತ್ತಿತ್ತು. 2020ರ ಮಾರ್ಚಿಯಲ್ಲಿ ಕೋವಿಡ್ ಬಂದು ಜನರೆಲ್ಲ ಮನೆಯೊಳಗೆ ಕುಳಿತಾಗ ಆ ಮಿತಿಯನ್ನು ತಾನಾಗಿ ತೆಗೆಯಿತು. ಬಳಕೆ ಏರಿತು, ಆದರೂ ಜಾಲ ನಿಂತುಹೋಗಲಿಲ್ಲ. ಜುಲೈನಲ್ಲಿ ಮಿತಿ ಮತ್ತೆ ಬಂತು.

ಈಗ ನಮ್ಮ ಮನೆಗಳ ಲೆಕ್ಕಕ್ಕೆ ಬರೋಣ. ಪೇಟೆಯ ಫೈಬರ್ ಯೋಜನೆಗಳಲ್ಲಿ ಹಲವಕ್ಕೆ ತಿಂಗಳಿಗೆ 3300 ಜಿಬಿ ಮಿತಿ. ಒಳ್ಳೆಯ ಗುಣಮಟ್ಟದ ವಿಡಿಯೋ ಗಂಟೆಗೆ ಸುಮಾರು 3 ಜಿಬಿ ತಿನ್ನುತ್ತದೆಂದರೆ ಆ ಮನೆಯವರು 1100 ಗಂಟೆ ನೋಡಬಹುದು. 30 ದಿನದ ತಿಂಗಳಿಗೆ ಇರುವುದೇ 720 ಗಂಟೆ. ಕೇಬಲ್ ಬಾರದ ತೋಟದ ಮನೆಯವರ ಪಾಡು ಬೇರೆ. ಅವರ ಬ್ರಾಡ್‌ಬ್ಯಾಂಡ್ ಎಂದರೆ ಗುಡ್ಡದ ಮೇಲಿನ ಟವರಿನಿಂದ ಬರುವ ಮೊಬೈಲ್ ಪ್ಯಾಕ್. ದಿನಕ್ಕೆ 2 ಜಿಬಿ ಎಂದರೆ ಅದೇ ವಿಡಿಯೋ 40 ನಿಮಿಷಕ್ಕೆ ಮುಗಿಯಿತು. ಅನಂತರ ವೇಗ ಹೆಚ್ಚಾಗಿ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಅಡಿಕೆಯ ಎಲೆಚುಕ್ಕಿ ರೋಗದ 2 ಎಂಬಿಯ ಒಂದು ಫೋಟೋವನ್ನು ತಜ್ಞರಿಗೆ ಕಳುಹಿಸಲು ಆ ವೇಗದಲ್ಲಿ ನಾಲ್ಕು ನಿಮಿಷಕ್ಕೂ ಹೆಚ್ಚು ಬೇಕು. ಬೇಡವೆಂದರೆ ಮತ್ತೊಂದು ಡೇಟಾ ವೋಚರ್ ಕೊಳ್ಳಬೇಕು. ಹೆಚ್ಚುವರಿ ಶುಲ್ಕ ಇಂದು ಹೆಸರು ಬದಲಿಸಿಕೊಂಡು ಬಂದಿರುವುದು ಹೀಗೆ. ಬಳಸದೆ ಉಳಿದ ಡೇಟಾವಾದರೋ ಹೆಚ್ಚಿನ ಪ್ಯಾಕುಗಳಲ್ಲಿ ಮಧ್ಯರಾತ್ರಿಗೆ ಕಂಪನಿಗೇ ಸೇರಿತು. ಮೀರಿದರೆ ನಾವು ಕೊಡಬೇಕು, ಮಿಗಿಸಿದರೆ ಅವರು ಕೊಡುವುದಿಲ್ಲ!

ಟವರಿನ ಗಾಳಿಯ ದಾರಿ ಕೇಬಲ್ಲಿಗಿಂತ ಇಕ್ಕಟ್ಟಾದುದು, ತರಂಗಗಳಿಗೆ ಕಂಪನಿಗಳು ಭಾರಿ ಹಣ ತೆತ್ತಿವೆ ಎಂಬುದು ನಿಜ. ಒಂದು ಮನೆಯವರು ರಾತ್ರಿ ಎಂಟಕ್ಕೆ ಸಿನಿಮಾ ಇಳಿಸುತ್ತಿದ್ದರೆ ಪಕ್ಕದ ಮನೆಯ ಹುಡುಗಿಯ ಪಾಠಕ್ಕೆ ಅಡ್ಡಿಯಾಗುತ್ತದೆ. ಆದ್ದರಿಂದ ಮಿತಿಯೇ ಕೂಡದೆಂದು ನಾವು ವಾದಿಸುವುದಿಲ್ಲ. ಆದರೆ ಮಿತಿಯ ಉದ್ದೇಶ ದಟ್ಟಣೆ ತಪ್ಪಿಸುವುದಾದರೆ ಅದು ದಟ್ಟಣೆಯ ಹೊತ್ತಿಗೆ ಮಾತ್ರ ಇರಲಿ. ಬೆಳಗಿನ ಜಾವ ಮೂರಕ್ಕೆ ಬಳಸಿದ ಡೇಟಾಕ್ಕೂ ರಾತ್ರಿ ಒಂಬತ್ತಕ್ಕೆ ಬಳಸಿದ್ದಕ್ಕೂ ಒಂದೇ ಲೆಕ್ಕ ಹಾಕುವ ಮಿತಿ ಜಾಲವನ್ನು ಕಾಯುವುದಿಲ್ಲ, ವೋಚರಿನ ವ್ಯಾಪಾರವನ್ನು ಕಾಯುತ್ತದೆ.

ನಿಯಮಗಳಿಲ್ಲವೆಂದಲ್ಲ. ಟ್ರಾಯ್ 2016ರ ಅಕ್ಟೋಬರಿನಲ್ಲಿ ಕೊಟ್ಟ ನಿರ್ದೇಶನದಂತೆ ತಂತಿಯ ಬ್ರಾಡ್‌ಬ್ಯಾಂಡಿನಲ್ಲಿ ಮಿತಿ ಮುಗಿದ ಮೇಲೂ ವೇಗ 512 ಕೆಬಿಪಿಎಸ್‌ಗಿಂತ ಕೆಳಗಿಳಿಯಬಾರದು. ಮಿತಿಯ ವಿವರವನ್ನು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸಬೇಕು. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಕನಿಷ್ಠ 2 ಎಂಬಿಪಿಎಸ್ ವೇಗ ಬೇಕೆಂದು ಗೊತ್ತುಪಡಿಸಿತು. 64 ಕೆಬಿಪಿಎಸ್ ಅದರ ಮೂವತ್ತರಲ್ಲಿ ಒಂದು ಪಾಲು ಕೂಡ ಆಗುವುದಿಲ್ಲ.

ಆದ್ದರಿಂದ ನಮ್ಮ ಬೇಡಿಕೆಗಳು ಇಷ್ಟು. ಮೊದಲನೆಯದಾಗಿ, ಮಿತಿ ಇರುವ ಯೋಜನೆಯನ್ನು ‘ಅನ್‌ಲಿಮಿಟೆಡ್’ ಎಂದು ಕರೆಯಕೂಡದು. ಕಾಲು ಚಾಚುವ ಮೊದಲು ಹಾಸಿಗೆಯ ಉದ್ದ ತಿಳಿದಿರಬೇಕಷ್ಟೆ. ಎರಡನೆಯದಾಗಿ, ಕೇಬಲ್ ತಲುಪದ ಮನೆಗಳಿಗೂ ಮಿತಿ ಮುಗಿದ ಮೇಲೆ ಕನಿಷ್ಠ 512 ಕೆಬಿಪಿಎಸ್ ಸಿಗಬೇಕು. ಮೂರನೆಯದಾಗಿ, ರಾತ್ರಿಯ ಬಳಕೆ ಮಿತಿಯ ಲೆಕ್ಕಕ್ಕೆ ಬರಬಾರದು. ನಾಲ್ಕನೆಯದಾಗಿ, ಉಳಿದ ಡೇಟಾ ಮುಂದಿನ ದಿನಕ್ಕೆ, ಮುಂದಿನ ತಿಂಗಳಿಗೆ ಸೇರಬೇಕು.

ಒಂಟಿ ಗ್ರಾಹಕನ ಅರ್ಜಿ ಕಚೇರಿಯ ಮೇಜಿನ ಮೇಲೆ ಉಳಿದೀತು; ಹಲವು ತೋಟಗಳ ಬಿಲ್ಲುಗಳನ್ನು ಜೊತೆಗಿಟ್ಟ ಅರ್ಜಿಗೆ ಉತ್ತರ ಕೊಡಲೇಬೇಕಾಗುತ್ತದೆ. ಸದಸ್ಯ ಬಾಂಧವರು ಕಳೆದ ಮೂರು ತಿಂಗಳಲ್ಲಿ ಪ್ಯಾಕಿಗೆ ಎಷ್ಟು, ಮೇಲಿನ ವೋಚರುಗಳಿಗೆ ಎಷ್ಟು ಖರ್ಚು ಮಾಡಿದರೆಂಬುದನ್ನು ಒಂದು ಹಾಳೆಯಲ್ಲಿ ಬರೆದು, ಗೊಬ್ಬರ ಒಯ್ಯಲು ಬಂದಾಗ ಸಂಘದ ಕಚೇರಿಯಲ್ಲಿ ಕೊಟ್ಟು ಹೋಗಬೇಕೆಂದು ಕೋರುತ್ತೇವೆ. ಬಂದ ಲೆಕ್ಕವನ್ನು ಕ್ರೋಡೀಕರಿಸಿ ಬರುವ ಮಹಾಸಭೆಯ ಮುಂದಿಟ್ಟು, ಸಭೆ ಒಪ್ಪಿದರೆ ಸಂಘದ ಹೆಸರಿನಲ್ಲಿ ಟ್ರಾಯ್‌ಗೂ ನಮ್ಮ ಲೋಕಸಭಾ ಸದಸ್ಯರಿಗೂ ಕಳುಹಿಸತಕ್ಕದ್ದೆಂಬುದು ನಮ್ಮ ಸಲಹೆ.