ಉತ್ತರವಿಲ್ಲದೆ ನಿಂತ ಯಂತ್ರ

ದೂಧಗಂಗೆಯ ದಂಡೆಯ ನಮ್ಮ ಊರಿನವರಿಗೆ ಮಳೆಯ ಲೆಕ್ಕವು ವಿನೋದದ ವಿಷಯವಲ್ಲ. ಪಶ್ಚಿಮಘಟ್ಟದಲ್ಲಿ ಸುರಿದ ನೀರು ಕೊಲ್ಹಾಪುರದ ಸೀಮೆಯನ್ನು ದಾಟಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಕಡೆಗೆ ಇಳಿಯುವುದು. 2019ರ ಆಗಸ್ಟಿನಲ್ಲಿಯೂ 2021ರ ಜುಲೈಯಲ್ಲಿಯೂ ಅದು ಬಂದ ಬಗೆಯನ್ನು ಈ ಭಾಗದವರಿಗೆ ವರ್ಣಿಸಿ ಹೇಳಬೇಕಾದುದಿಲ್ಲ.

ನನ್ನ ತಮ್ಮನ ಮಗನು ಮಾಳಿಗೆಯ ಮೇಲೆ ಮಳೆಮಾಪಕವೊಂದನ್ನಿಟ್ಟು, ಅದರ ಲೆಕ್ಕವನ್ನು ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಗಣಕಯಂತ್ರದಿಂದ ಬರೆಯಿಸುತ್ತಿದ್ದನು. 2021ರ ಆ ಜುಲೈಯಲ್ಲಿ ಒಂದು ರಾತ್ರಿ ವಿದ್ಯುತ್ತು ಹೋಗಿ ಮರಳಿ ಬಂದಿತು. ಯಂತ್ರವೂ ತಾನಾಗಿ ಎದ್ದಿತು. ಬೆಳಗಿನಲ್ಲಿ ನೆರೆಯವರು, ಹಳ್ಳವು ತುಂಬುವ ಮೊದಲೆ ದನಕರುಗಳನ್ನು ಎತ್ತರಕ್ಕೆ ಹೊಡೆಯಬೇಕೇ ಎಂದು ಕೇಳಲು ಬಂದರೆ, ನಮ್ಮ ವಹಿಯಲ್ಲಿ ಅಂಕಿಯೇ ಇರಲಿಲ್ಲ!

“ದೊಡ್ಡಪ್ಪ, ಪ್ರೋಗ್ರಾಮು ಚಾಲೂ ಆಗಿತ್ತು. ‘ವೇಳೆ ಸರಿ ಅದೆಯೇ?’ ಅಂತ ಕೇಳಿತು. ಯಾರೂ ಇರಲಿಲ್ಲ, ಮುಗಿದುಹೋಯಿತು” ಎಂದನು ಹುಡುಗ.

ಕಾರಣವು ಹೀಗೆ. ಲಿನಕ್ಸ್ ಯಂತ್ರವು ಎದ್ದೊಡನೆ ಸಿಸ್ಟಮ್‌ಡಿ ಎಂಬ ಮೊದಲನೆಯ ಪ್ರಕ್ರಿಯೆಯು ಉಳಿದ ಸೇವಕರನ್ನು ಎಬ್ಬಿಸುವುದು. ಆದರೆ ಅವರಿಗೆ ಕೀಲಿಮಣೆಯನ್ನೂ ಪರದೆಯನ್ನೂ ಕೊಡುವುದಿಲ್ಲ. ಪ್ರಶ್ನೆ ಕೇಳಿದ ಪ್ರೋಗ್ರಾಮಿಗೆ ಶೂನ್ಯದಿಂದ ‘ಮಾತು ಮುಗಿಯಿತು’ ಎಂಬ ಸೂಚನೆಯೇ ಸಿಗುತ್ತದೆ. ಪೂರ್ವಪಕ್ಷವನ್ನು ಮಂಡಿಸಿದಾತನು ಸಭೆಯಲ್ಲಿ ಒಬ್ಬನೂ ಇಲ್ಲದುದನ್ನು ಕಂಡು ಶಾಲು ಕೊಡವಿ ಹೊರಟಂತೆ! ಟರ್ಮಿನಲ್ಲಿಗೆ ಟಿಟಿವೈ ಎಂಬ ಸಂಕ್ಷೇಪವು ಟೆಲಿಟೈಪಿನಿಂದ ಬಂದುದು. ನಮ್ಮ ದೇಶದಲ್ಲಿ 2013ರಲ್ಲಿ ತಾರು ನಿಂತರೂ, ಟೆಲಿಟೈಪಿನ ಹೆಸರು ಈ ಯಂತ್ರಗಳಲ್ಲಿ ಇನ್ನೂ ಜೀವಿಸಿದೆ.

ಇದಕ್ಕೆ ಟಿಮಕ್ಸ್ ಎಂಬ ಉಪಾಯವುಂಟು. ಅದು ಒಂದು ಕೃತಕ ಟರ್ಮಿನಲ್ಲನ್ನು ಸೃಷ್ಟಿಸಿ, ಪ್ರೋಗ್ರಾಮನ್ನು ಅದರೊಳಗೆ ಕೂಡಿಸಿ, ಯಾರೂ ನೋಡದಿದ್ದರೂ ನಡೆಯಿಸುತ್ತದೆ. ಕ್ರಾನಿನ ಪಟ್ಟಿಯಲ್ಲಿ ‘ರೀಬೂಟ್’ ಎಂಬ ಸಾಲಿನಲ್ಲಾಗಲಿ, ಸಿಸ್ಟಮ್‌ಡಿಯ ಸೇವೆಯಾಗಿಯಾಗಲಿ ಇದನ್ನು ಬರೆದಿಡಬಹುದು. ಬೇಕಾದಾಗ ದೂರದಿಂದ ಆ ಟರ್ಮಿನಲ್ಲನ್ನು ಸೇರಿ ನೋಡಿ, ಕಂಟ್ರೋಲ್ ಮತ್ತು ಬಿ ಒತ್ತಿ, ಬಳಿಕ ಡಿ ಒತ್ತಿದರೆ ನಾವು ಹೊರಗೆ. ಕೆಲಸವು ಒಳಗೆ ಸಾಗಿರುವುದು.

ಹುಡುಗನು ಹೀಗೆಯೇ ಮಾಡಿದನು. ಮರುವಾರ ಮತ್ತೆ ವಿದ್ಯುತ್ತು ಹೋಯಿತು. ಈ ಸಾರೆ ಪ್ರೋಗ್ರಾಮು ಸಾಯಲಿಲ್ಲ. ಇಡೀ ರಾತ್ರಿ ಅದೇ ಪ್ರಶ್ನೆಯನ್ನು ಹಿಡಿದು ಕಾಯುತ್ತ ಕುಳಿತಿತ್ತು! ವಹಿಯು ಪುನಃ ಬರಿದೇ. ನಾನು ನಕ್ಕೆ, ಅವನಿಗೆ ನಗು ಬರಲಿಲ್ಲ.

ಪ್ರಶ್ನೆಯನ್ನೇ ತೆಗೆದುಹಾಕು ಎಂದು ನಾನು ಸೂಚಿಸಿದೆನು. ಅದು ಸಲ್ಲದೆಂದು ಅವನು ತಿಳಿಸಿದನು. ಯಾಕೆಂದರೆ ನಮ್ಮ ಆ ಹಳೆಯ ಮಾದರಿಯಲ್ಲಿ ಗಡಿಯಾರವನ್ನು ನಡೆಸುವ ಸೆಲ್ಲಿಲ್ಲ. ವಿದ್ಯುತ್ತು ಹೋದರೆ ವೇಳೆಯು ಹಿಂದೆ ಉಳಿಯುತ್ತದೆ. ಇಂಟರ್ನೆಟ್ಟು ದೊರೆತರೆ ಮಾತ್ರ ಸರಿಹೋಗುತ್ತದೆ. ನೆರೆಯ ರಾತ್ರಿಯಲ್ಲಿ ಇಂಟರ್ನೆಟ್ಟಾದರೂ ಎಲ್ಲಿಂದ ಬರಬೇಕು?

ಕೊನೆಗೆ ಅವನು ಕ್ರಮವನ್ನೇ ತಿರುವಿದನು: ಮೊದಲು ಬರೆಯುವುದು, ಆಮೇಲೆ ಕೇಳುವುದು. ಯಂತ್ರವು ಎದ್ದ ಕ್ಷಣದಿಂದ ಎಷ್ಟು ಸೆಕೆಂಡು ಕಳೆಯಿತೆಂಬುದರೊಡನೆ ಮಳೆಯನ್ನು ಬರೆಯುತ್ತಿರುತ್ತದೆ. ಯಾರಾದರೂ ಬಂದು ನಿಜವಾದ ವೇಳೆಯನ್ನು ಹೇಳಿದಾಗ ಹಿಂದಿನ ಸಾಲುಗಳಿಗೆಲ್ಲ ಅದನ್ನು ಹೊಂದಿಸುತ್ತದೆ. ಈಗ ಮಳೆಗಾಲದ ಬೆಳಗುಗಳಲ್ಲಿ ಆ ಟರ್ಮಿನಲ್ಲನ್ನು ಸೇರಿ ವೇಳೆ ಹೇಳುವ ಕೆಲಸವು ನನ್ನ ಪಾಲಿಗೆ ಬಂದಿದೆ.