ಸರ್ಟಿಫಿಕೇಟು ಸ್ವಲ್ಪ ಬೇಗ ಬಂದಿದೆ

ಕಳೆದ ಆದಿತ್ಯವಾರ ಮಣಿಪಾಲದಿಂದ ಮೊಮ್ಮಗಳು ಬಂದಿದ್ದಳು. ಇಂಜಿನಿಯರಿಂಗ್ ಮುಗಿಸಿ ಅಲ್ಲಿಯ ಒಂದು ಸಾಫ್ಟ್‌ವೇರ್ ಕಂಪೆನಿಗೆ ಸೇರಿ ಎಂಟು ತಿಂಗಳಾಗಿದೆ. ಊಟಕ್ಕೆ ಕೂತಲ್ಲೇ ಮೊಬೈಲ್ ತೋರಿಸಿದಳು.

"ಅಜ್ಜ, ನಾನು ಪಿಎಂಪಿ ಮಾಡ್ತೇನೆ. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟಿನ ಸರ್ಟಿಫಿಕೇಟು. ಶನಿವಾರ, ಆದಿತ್ಯವಾರ ಕ್ಲಾಸು, ಆಮೇಲೆ ಪರೀಕ್ಷೆ. ಸ್ವಲ್ಪ ದುಡ್ಡು ಕಡಿಮೆ ಬೀಳ್ತದೆ. ಕೊಡ್ತೀರಾ?"

ದುಡ್ಡು ಕೇಳಿದವರ ಹತ್ತಿರ ಮೊದಲು ಅರ್ಜಿ ಕೇಳುವುದು ನನಗೆ ಮೂವತ್ತೈದು ವರ್ಷದ ಅಭ್ಯಾಸ. ಕನ್ನಡಕ ಹಾಕಿ ಓದಿದೆ. ನಾಲ್ಕು ವರ್ಷದ ಪದವಿ ಇದ್ದವರಿಗೆ 36 ತಿಂಗಳು ಪ್ರಾಜೆಕ್ಟು ನಡೆಸಿದ ಅನುಭವ, 35 ಗಂಟೆಯ ತರಗತಿ ಎಂದಿತ್ತು.

"ನಿನ್ನದು ಎಂಟು ತಿಂಗಳಲ್ವಾ ಮಗಾ?"

"ಹೌದು. ಆದ್ರೆ ಕ್ಲಾಸಿನವರು ಹೇಳಿದ್ರು, ಅನುಭವದ ಕಾಲಂ ಅವರೇ ತುಂಬಿಸಿ ಕೊಡ್ತಾರಂತೆ. ಯಾರೂ ನೋಡುವುದಿಲ್ಲವಂತೆ."

ನನ್ನ ಕೈಯ ಹಪ್ಪಳ ಬಾಯಿಗೆ ಹೋಗಲಿಲ್ಲ. ಎಣಿಸದ ನೋಟಿನ ಕಟ್ಟಿಗೆ ಸಹಿ ಹಾಕುವುದು ಎಂದರೆ ಇದೇ. ಬೈಯಲಿಲ್ಲ, ಒಂದು ಹಳೆಯ ಕತೆ ಹೇಳಿದೆ. ನಿಮಗೂ ಹೇಳುತ್ತೇನೆ ಮಕ್ಕಳೇ.

ನಮ್ಮ ಉಡುಪಿ ಬ್ಯಾಂಕುಗಳ ತವರು. ಕಾರ್ಪೊರೇಷನ್ ಬ್ಯಾಂಕು 1906ರಲ್ಲಿ, ಸಿಂಡಿಕೇಟ್ ಬ್ಯಾಂಕು 1925ರಲ್ಲಿ ಹುಟ್ಟಿದ್ದು ಇಲ್ಲೇ. ಬಿ.ಕಾಂ. ಆಗಿ ಬ್ಯಾಂಕು ಸೇರಿದ ನಮ್ಮಂಥವರ ಕನಸು ಸಿಎಐಐಬಿ ಪರೀಕ್ಷೆ. ಪಾಸಾದರೆ ಇನ್‌ಕ್ರಿಮೆಂಟು. ನಾನು ಪುಸ್ತಕ ಬಾಯಿಪಾಠ ಮಾಡಿ ಅದರ ಮೊದಲ ಭಾಗವನ್ನು ಬೇಗನೆ ಪಾಸು ಮಾಡಿದೆ. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗಿಸಿದೆ.

ಆಗ ನಾನು ಕಾರ್ಕಳದಲ್ಲಿದ್ದೆ. ಡಿಸೆಂಬರ್ ಕ್ಲೋಸಿಂಗಿನ ಉಸ್ತುವಾರಿ ನನಗೇ ಕೊಡಿ ಎಂದು ಮುಂದೆ ಬಿದ್ದು ಕೇಳಿದೆ. ಕಂಪ್ಯೂಟರು ಇಲ್ಲದ ಕಾಲ. ಲೆಜ್ಜರುಗಳ ಮೊತ್ತ ತಾಳೆಯಾಗುವ ಮೊದಲೇ ಎಲ್ಲರನ್ನೂ ಬಡ್ಡಿ ಹಾಕಲು ಕೂರಿಸಿದೆ. ರಾತ್ರಿಯಾದರೂ ಲೆಕ್ಕ ಕೂಡಲಿಲ್ಲ. ನಮ್ಮಲ್ಲೊಬ್ಬರು ಕಾಪುವಿನಿಂದ ಬರುತ್ತಿದ್ದರು; ಮನೆಯಲ್ಲಿ ಅವರ ಮಗುವಿಗೆ ಜ್ವರ. ಅವರ ಕೊನೆಯ ಬಸ್ಸು ತಪ್ಪಿತು. ಅವರು ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೋ ಏನೋ.

ಕೊನೆಗೆ ಎಸ್ಸೆಸ್ಸೆಲ್ಸಿ ಓದಿದ ಹಿರಿಯ ಗುಮಾಸ್ತರೊಬ್ಬರು ಎಲ್ಲವನ್ನೂ ಮೊದಲಿನಿಂದ ಸರಿಯಾದ ಕ್ರಮದಲ್ಲಿ ಮಾಡಿಸಿದರು. ಬಾಗಿಲು ಹಾಕುವಾಗ ಹೇಳಿದರು: "ನಿಮ್ಮ ಸರ್ಟಿಫಿಕೇಟು ಸುಳ್ಳಲ್ಲ ಮಾರಾಯ್ರೆ. ಸ್ವಲ್ಪ ಬೇಗ ಬಂದಿದೆ, ಅಷ್ಟೇ."

ಪ್ರಾಜೆಕ್ಟು ಎಂದರೆ ಎಂತ ಎಂದು ಕೇಳುವ ಮಕ್ಕಳಿಗೆ: ಶುರು ಮತ್ತು ಕೊನೆ ಎರಡೂ ಗೊತ್ತಿರುವ ಕೆಲಸ. ನಮ್ಮ ಪರ್ಯಾಯದ ತಯಾರಿಯನ್ನೇ ನೋಡಿ. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುತ್ತದೆ. ಆ ದಿನ ನಸುಕಿಗೆ ಕಾಪುವಿನ ದಂಡತೀರ್ಥದಲ್ಲಿ ಸ್ನಾನ, ಜೋಡುಕಟ್ಟೆಯಿಂದ ಮೆರವಣಿಗೆ. ಆದರೆ ಕೆಲಸ ಶುರುವಾಗುವುದು ಅದಕ್ಕೂ ಎಷ್ಟೋ ಮೊದಲು: ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ. ಬಾಳೆ ಮೊದಲು ಯಾಕೆ? ಇಂದು ನೆಟ್ಟ ಗಿಡ ನಾಳೆಯೇ ಎಲೆ ಕೊಡುವುದಿಲ್ಲ. ಹಾಗೆಯೇ ದೊಡ್ಡ ಊಟದಲ್ಲಿ ಎಲೆ ಹಾಕಲು ಬಂದ ಹುಡುಗನಿಗೆ ಮೊದಲ ದಿನವೇ ಉಗ್ರಾಣದ ಬೀಗದ ಕೈ ಕೊಡುವುದಿಲ್ಲ. ಎಲೆ ಹಾಕಿ, ಬಡಿಸಿ, ಪಾಕ ನೋಡಿ, ಆಮೇಲೆ ಉಗ್ರಾಣ.

ಸರ್ಟಿಫಿಕೇಟುಗಳೂ ಹಾಗೆಯೇ ಮೆಟ್ಟಿಲು ಮೆಟ್ಟಿಲಾಗಿವೆ. ಮೊಮ್ಮಗಳೂ ನಾನೂ ಕೂತು ಕಾಗದದ ಮೇಲೆ ಬರೆದೆವು.

ಹೊಸಬರಿಗೆ ಸಿಎಪಿಎಂ. ಅನುಭವ ಬೇಡ, 23 ಗಂಟೆಯ ತರಗತಿ ಸಾಕು. ಬ್ರಿಟಿಷ್ ಸರಕಾರದ ಇಲಾಖೆಗಳಿಂದ ಬಂದ ಪ್ರಿನ್ಸ್2 ಎಂಬುದರ ಫೌಂಡೇಶನ್ ಪರೀಕ್ಷೆಗೂ ಅನುಭವ ಕೇಳುವುದಿಲ್ಲ. ಅದು ಪಾಸಾದ ಮೇಲೆ ಪ್ರಾಕ್ಟೀಷನರ್. ಸಣ್ಣ ತಂಡದಲ್ಲಿ ಸ್ಕ್ರಮ್ ಪದ್ಧತಿಯಲ್ಲಿ ಕೆಲಸ ನಡೆಯುತ್ತಿದ್ದರೆ ಸ್ಕ್ರಮ್ ಮಾಸ್ಟರ್.

ಕೆಲವು ವರ್ಷ ಪ್ರಾಜೆಕ್ಟು ನಡೆಸಿದವರಿಗೆ ಪಿಎಂಪಿ. ಅಮೆರಿಕದಲ್ಲಿ 1969ರಲ್ಲಿ ಹುಟ್ಟಿದ ಪಿಎಂಐ ಸಂಸ್ಥೆ 1984ರಿಂದ ಕೊಡುತ್ತಿರುವ ಸರ್ಟಿಫಿಕೇಟು ಇದು. ಯಾರೂ ನೋಡುವುದಿಲ್ಲ ಎಂಬ ಮಾತು ಸುಳ್ಳು. ಕೆಲವು ಅರ್ಜಿಗಳನ್ನು ಆರಿಸಿ, ಅನುಭವ ನಿಜ ಎಂದು ಬಲ್ಲವರ ಸಹಿ ಕೇಳುತ್ತಾರೆ. ಸಿಕ್ಕಿದರೂ ಒಮ್ಮೆಗೇ ಮುಗಿಯುವುದಿಲ್ಲ. ಮೂರು ವರ್ಷಕ್ಕೊಮ್ಮೆ 60 ಗಂಟೆಯ ಕಲಿಕೆ ತೋರಿಸಿ ನವೀಕರಿಸಬೇಕು. ಹಲವು ಪ್ರಾಜೆಕ್ಟುಗಳನ್ನು ಒಟ್ಟಿಗೆ ನೋಡುವ ಹಿರಿಯರಿಗೆ ಪಿಜಿಎಂಪಿ.

ಕಾಗದ ತುಂಬಿದ ಮೇಲೆ ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅಜ್ಜ, ಎರಡು ಸಾವಿರ ಅಡ್ವಾನ್ಸ್ ಕೊಟ್ಟಾಗಿದೆ. ವಾಪಸು ಬರ್ಲಿಕ್ಕಿಲ್ಲ."

"ಹೋಗಲಿ. ಸುಳ್ಳು ಸಹಿಗಿಂತ ಅಗ್ಗ."

ಈಗ ಅವಳು ಸಿಎಪಿಎಂಗೆ ಓದುತ್ತಿದ್ದಾಳೆ. ಜೊತೆಗೆ ತಂಡದಲ್ಲಿ ತಾನು ಮಾಡಿದ ಕೆಲಸವನ್ನು ತಿಂಗಳು ತಿಂಗಳು ಒಂದು ಪುಸ್ತಕದಲ್ಲಿ ಬರೆದಿಡುತ್ತಾಳೆ. ಮೂವತ್ತಾರನೇ ಪುಟ ತುಂಬಿದ ದಿನ ಪಿಎಂಪಿ ಫೀಸು ನನ್ನದು ಎಂದು ಮಾತು ಕೊಟ್ಟಿದ್ದೇನೆ. ಆ ಪುಟ ನೋಡುವ ಆಸೆಗಾದರೂ ಬೆಳಗಿನ ವಾಕಿಂಗ್ ಬಿಡುವಂತಿಲ್ಲ!

ಅಜ್ಜ-ಅಜ್ಜಿಯರೇ, ಮೊಮ್ಮಕ್ಕಳು ಕೋರ್ಸಿಗೆ ದುಡ್ಡು ಕೇಳಿದರೆ ಖಂಡಿತ ಕೊಡಿ. ಕೊಡುವ ಮೊದಲು ಅರ್ಜಿಯನ್ನು ಒಟ್ಟಿಗೆ ಕೂತು ಓದಿ. ಮಕ್ಕಳೇ, ನಿಮಗೆ ಈ ವಾರದ ಕೆಲಸ: ಮನೆಯಲ್ಲಿ ಮುಂದೆ ಬರುವ ಒಂದು ಹಬ್ಬವೋ ಹುಟ್ಟುಹಬ್ಬವೋ ಆರಿಸಿ. ಯಾವುದು ಮೊದಲು, ಯಾವುದು ಆಮೇಲೆ, ಯಾರು ಮಾಡಬೇಕು ಎಂದು ಬರೆಯಿರಿ. ನಿಮ್ಮ ಹೆಸರಿನ ಮುಂದೆ ಬರೆದ ಕೆಲಸವನ್ನು ಮಾಡಿ ಮುಗಿಸಿ. ಕೊನೆಗೆ ಅಜ್ಜಿಯ ಹತ್ತಿರ ಸಹಿ ಹಾಕಿಸಿ. ನಿಮ್ಮ ಮೊದಲ ಸರ್ಟಿಫಿಕೇಟು ಅದೇ.